ಹಲ್ಲಿಗೊಂದು ಬಿಟ್ಟು ಮಿಕ್ಕಿದ್ದಕ್ಕೆಲ್ಲ

ಮೊನ್ನೆ ಬೆಳಿಗ್ಗೆ ನಾನು ಒಗ್ಗರಣೆಗೆ ಸಾಸಿವೆ ಹಾಕುವ ಹೊತ್ತಿಗೆ ಸರಿಯಾಗಿ ಮೊಮ್ಮಗಳು ಮೊಬೈಲು ಹಿಡಿದುಕೊಂಡು ಅಡುಗೆಮನೆಗೆ ನುಗ್ಗಿದಳು.

"ಅಜ್ಜೀ, ನಿಂಗೊತ್ತಾ? ಟೂತ್‌ಪೇಸ್ಟು ಬರೀ ಹಲ್ಲುಜ್ಜಕ್ಕಲ್ಲ. ಅದ್ರಲ್ಲಿ ಬೆಳ್ಳಿ ತೊಳೀಬೋದು, ಗೋಡೆ ತೂತು ಮುಚ್ಬೋದು, ಶೂ ಬೆಳ್ಳಗೆ ಮಾಡ್ಬೋದು. ಇಲ್ನೋಡು, ವಿಡಿಯೋದಲ್ಲಿ ತೋರಿಸ್ತಿದಾರೆ!"

ನನಗೆ ನಗು ಬಂತು. ಎಂಥ ನಗು ಅಂದರೆ ಬಾಣಲೆಯಲ್ಲಿ ಸಾಸಿವೆ ಸೀದು ಕರಿ ಮಣಿಗಳಾದರೂ ನಿಲ್ಲಲಿಲ್ಲ. ಹುಡುಗಿ ಪೆಚ್ಚಾಗಿ ನನ್ನ ಮುಖ ನೋಡಿದಳು. ಅಜ್ಜಿಗೆ ಇದೆಲ್ಲ ಅರ್ಥವಾಗುವುದಿಲ್ಲ ಅಂದುಕೊಂಡಳೋ ಏನೋ. ಅವಳಿಗೆ ಹೇಗೆ ಹೇಳಲಿ? ನಾನು ಹುಟ್ಟಿ ಬೆಳೆದ ಮನೆಯಲ್ಲಿ ಟೂತ್‌ಪೇಸ್ಟಿನಿಂದ ಮಾಡದ ಕೆಲಸವೇ ಇರಲಿಲ್ಲ, ಹಲ್ಲುಜ್ಜುವುದೊಂದನ್ನು ಬಿಟ್ಟು.

ನೀವೂ ನಗುತ್ತಿದ್ದೀರಿ, ಇರಲಿ. ಸ್ವಲ್ಪ ಕೂತುಕೊಳ್ಳಿ, ಹೇಳುತ್ತೇನೆ.

ನಮ್ಮ ಮನೆ ಇದ್ದದ್ದು ದೊಡ್ಡಬಳ್ಳಾಪುರದಲ್ಲಿ, ನೇಕಾರರ ಕೇರಿಯಲ್ಲಿ. ಅರವತ್ತರ ದಶಕ ಇನ್ನೇನು ಮುಗಿಯುತ್ತಿದೆ ಅನ್ನುವ ಕಾಲ. ಎದುರು ಸಾಲಿನ ಕೆಲವು ಮನೆಗಳಿಗೆ ಆಗಲೇ ಪವರ್‌ಲೂಮು ಬಂದಿತ್ತು. ಕರೆಂಟು ಇದ್ದಷ್ಟು ಹೊತ್ತೂ ಅವು ಹೊಡಕೊಳ್ಳುತ್ತಿದ್ದವು. ನಮ್ಮಪ್ಪನದು ಮಾತ್ರ ಇನ್ನೂ ಕೈಮಗ್ಗ, ನಡುಮನೆಯ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುವಂಥದು. "ನಮ್ದು ಮಾತಾಡೋ ಸದ್ದು, ಅವರ್ದು ಜಗಳ ಆಡೋ ಸದ್ದು" ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಅಜ್ಜಿ ಅಂದರೆ ಅಪ್ಪನ ತಾಯಿ, ನಂಜಮ್ಮ. ಆ ಮನೆಯ ಸರ್ಕಾರವೆಲ್ಲ ಅವಳದೇ. ಹುಣಿಸೆಹಣ್ಣಿನ ಗಡಿಗೆಗೂ ಬೀಗ ಹಾಕಿಟ್ಟು, ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು.

ಈ ಸರ್ಕಾರದೊಳಗೆ ಟೂತ್‌ಪೇಸ್ಟು ಕಾಲಿಟ್ಟದ್ದು ಚಿಕ್ಕಪ್ಪನ ಮೂಲಕ. ಅಪ್ಪನ ತಮ್ಮ ಸೀನಪ್ಪ ಬೆಂಗಳೂರಿನ ಪೇಟೆಯಲ್ಲಿ ಒಂದು ಸಗಟು ಅಂಗಡಿಯಲ್ಲಿ ಕೆಲಸಕ್ಕಿದ್ದ. ಶನಿವಾರ ಸಂಜೆ ಬಸ್ಸಿಗೆ ಬಂದುಬಿಡುತ್ತಿದ್ದ. ಅವನ ಅಂಗಡಿಗೆ ಬರುವ ಸಾಮಾನಿನಲ್ಲಿ ಡಬ್ಬ ಹರಿದದ್ದು, ನೆಗ್ಗಿದ್ದು, ಮೂತಿ ಸೊಟ್ಟಗಾದದ್ದು ಇದ್ದರೆ ಮಾರುವ ಹಾಗಿಲ್ಲವಲ್ಲ, ಅದನ್ನು ಕೆಲಸದವರಿಗೆ ಹಂಚಿಬಿಡುತ್ತಿದ್ದರಂತೆ. ಹಾಗೆ ಒಂದು ಶನಿವಾರ ಅವನ ಚೀಲದಿಂದ ಕೈತುಂಬ ಟ್ಯೂಬುಗಳು ಹೊರಬಿದ್ದವು. ಈಗಿನ ಪ್ಲಾಸ್ಟಿಕ್ ಅಲ್ಲ, ತಗಡಿನವು. ಒಂದು ಸಲ ಅಮುಕಿದರೆ ಅಮುಕಿದ ಹಾಗೇ ಇರುತ್ತಿದ್ದವು.

ಮಾರನೇ ದಿನ ಬೆಳಿಗ್ಗೆ ಚಿಕ್ಕಪ್ಪ ಹಿತ್ತಿಲ ಕಲ್ಲಿನ ಮೇಲೆ ಕುಕ್ಕುರುಗಾಲಲ್ಲಿ ಕೂತು, ನಾವು ಮಕ್ಕಳೆಲ್ಲ ಸುತ್ತ ನಿಂತಿರುವಾಗ, ಬೆಂಗಳೂರಿನವರು ಹೇಗೆ ಹಲ್ಲುಜ್ಜುತ್ತಾರೆ ಅಂತ ತೋರಿಸಿದ. ಬ್ರಷ್ಷು ಆಡಿಸಿದ ಹಾಗೆಲ್ಲ ಬಾಯಿಂದ ನೊರೆ ಬಂತು. ಗಲ್ಲದ ಮೇಲೆ ಇಳಿಯಿತು. ನಮಗೆ ಖುಷಿಯಾಗಲಿ ಅಂತ ಅವನು ಕಣ್ಣನ್ನೂ ಸ್ವಲ್ಪ ಮೇಲೆ ತಿರುಗಿಸಿದ. ಅಷ್ಟರಲ್ಲಿ ಅಜ್ಜಿ ಹಿತ್ತಿಲ ಬಾಗಿಲಿಗೆ ಬಂದಳು.

"ಅಯ್ಯಯ್ಯೋ, ಸೀನಂಗೆ ಏನೋ ಆಗೋಯ್ತಲ್ರೋ!" ಅಂತ ಕಿರುಚಿದವಳೇ ಹಂಡೆಯ ಪಕ್ಕದಲ್ಲಿದ್ದ ಬಿಂದಿಗೆಯ ನೀರನ್ನು ಎತ್ತಿ ಅವನ ತಲೆಯ ಮೇಲೆ ಸುರಿದುಬಿಟ್ಟಳು.

ಚಿಕ್ಕಪ್ಪ ಮೈ ಒರೆಸಿಕೊಂಡು, ಇದು ಕಾಯಿಲೆಯಲ್ಲ, ನಾಗರಿಕತೆ ಅಂತ ಎಷ್ಟು ವಿವರಿಸಿದರೂ ಅಜ್ಜಿ ಒಪ್ಪಲಿಲ್ಲ. ಟ್ಯೂಬಿನ ಮುಚ್ಚಳ ತೆಗೆದು ಮೂಸಿದಳು. ಬೆರಳಿಗೆ ಹಚ್ಚಿಕೊಂಡು ಉಜ್ಜಿ ನೋಡಿದಳು. ಯಾರೋ ಅವಳಿಗೆ ಇದರಲ್ಲಿ ಮೂಳೆಪುಡಿ ಹಾಕುತ್ತಾರೆ ಅಂತ ಹೇಳಿದ್ದರು. "ಈ ಹಲ್ಲಿನ ಬೆಣ್ಣೆ ನಮ್ಮನೇಲಿ ಯಾರ ಬಾಯಿಗೂ ಹೋಗಕೂಡದು" ಅಂತ ಅಪ್ಪಣೆಯಾಯಿತು. ಹಲ್ಲಿನ ಬೆಣ್ಣೆ! ಅವತ್ತಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ಅದೇ ಹೆಸರು. ನಾವು ಮೊದಲಿನ ಹಾಗೆಯೇ ಇದ್ದಿಲು ಉಪ್ಪು ಹಾಕಿ ಕರಿ ಬಾಯಿ ಮಾಡಿಕೊಂಡು ಉಜ್ಜುತ್ತಿದ್ದೆವು.

ಆದರೆ ಅಜ್ಜಿಯದೇ ಇನ್ನೊಂದು ಅಪ್ಪಣೆ ಇತ್ತಲ್ಲ, ಮನೆಗೆ ಬಂದ ಯಾವ ಪದಾರ್ಥವನ್ನೂ ಎಸೆಯಬಾರದು ಅಂತ. ಚಿಕ್ಕಪ್ಪನೋ, ಬೇಡವೆಂದರೂ ತರುವುದು ಬಿಡಲಿಲ್ಲ. ಬಾಯಿಗಿಡುವ ಹಾಗಿಲ್ಲ, ಎಸೆಯುವ ಹಾಗಿಲ್ಲ. ಟ್ಯೂಬುಗಳು ಅಡುಗೆಮನೆಯ ಗೋಡೆಗೂಡಿನಲ್ಲಿ ಒಂದರ ಮೇಲೊಂದು ಮಲಗಿದವು.

ಅವುಗಳ ಅದೃಷ್ಟ ತೆರೆದವಳು ನಮ್ಮಮ್ಮ, ಜಯಮ್ಮ.

ಅಮ್ಮ ದೇವನಹಳ್ಳಿ ಕಡೆಯ ಬೂದಿಗೆರೆಯವಳು. ಕುಲ ಒಂದೇ, ಆದರೆ ಅವರ ಮನೆಯಲ್ಲಿ ಮಗ್ಗ ನಿಂತು ಎರಡು ತಲೆಮಾರಾಗಿ ರಾಗಿ ಹೊಲಕ್ಕೆ ಇಳಿದಿದ್ದರು. ಅಮ್ಮನ ಜೊತೆ ತವರಿನಿಂದ ಬಂದ ಬೆಳ್ಳಿ ಅಂದರೆ ಒಂದು ಕುಂಕುಮದ ಭರಣಿ. ಅದು ಕಪ್ಪಾಗಿ ಕಬ್ಬಿಣದ ಹಾಗೆ ಕಾಣುತ್ತಿತ್ತು. ಗೌರಿಹಬ್ಬ ಹತ್ತಿರ ಬಂದಾಗ ತೊಳೆಯೋಣವೆಂದರೆ ಹುಣಿಸೆಹಣ್ಣಿಗೆ ಬೀಗ. ಅತ್ತೆಯನ್ನು ಕೇಳುವುದಕ್ಕೆ ಸಂಕೋಚ. ಗೂಡಿನಲ್ಲಿ ಕೈಗೆ ಸಿಕ್ಕಿದ್ದು ಹಲ್ಲಿನ ಬೆಣ್ಣೆ. ಹಲ್ಲಿನ ಕೊಳೆ ಹೋಗುವುದಾದರೆ ಬೆಳ್ಳಿಯದು ಯಾಕೆ ಹೋಗಬಾರದು ಅಂತ ಒಂದು ಬಟ್ಟೆಚೂರಿಗೆ ಹಚ್ಚಿ ಉಜ್ಜಿದಳು. ಬಟ್ಟೆ ಕರ್ರಗಾಯಿತು, ಭರಣಿ ಹುಣ್ಣಿಮೆಯಾಯಿತು.

ಅಜ್ಜಿ ಅದನ್ನು ಕೈಗೆ ತಗೊಂಡು ಕೇಳಿದಳು. "ಯಾವುದ್ರಲ್ಲೇ ಉಜ್ಜಿದ್ದು?"

"ಹಲ್ಲಿನ ಬೆಣ್ಣೇಲಿ ಅತ್ತೆ."

ಅಜ್ಜಿ ಏನೋ ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಭರಣಿಯಲ್ಲಿ ಅವಳ ಮುಖವೇ ಅವಳಿಗೆ ಕಂಡಿತು. ಹಣೆಯ ಮೇಲೆ ಸೊಟ್ಟಗಾಗಿದ್ದ ಕುಂಕುಮವನ್ನು ಅದರಲ್ಲೇ ನೋಡಿಕೊಂಡು ಸರಿಮಾಡಿಕೊಂಡಳು. ಒಳಗೆ ಹೋಗಿ ದೇವರ ದೀಪಗಳನ್ನೆಲ್ಲ ತಂದು ಅಮ್ಮನ ಮುಂದಿಟ್ಟಳು. ಅಪ್ಪಣೆಯ ತಿದ್ದುಪಡಿ ಹಾಗಾಯಿತು.

ಆಮೇಲೆ ನೋಡಿ ನಮ್ಮಮ್ಮನ ಕೈಚಳಕ. ಚಿಕ್ಕಪ್ಪನ ಕೈಗಡಿಯಾರದ ಮುಖ ಗೀರು ಬಿದ್ದು ಬಿದ್ದು ಮಂಜು ಕವಿದಂತಾಗಿತ್ತು, ಹೊತ್ತು ನೋಡಬೇಕಾದರೆ ಅವನು ಪಕ್ಕದವರನ್ನು ಕೇಳುತ್ತಿದ್ದ. ಅಮ್ಮ ಒಂದು ಚಿಟಿಕೆ ಹಚ್ಚಿ ಹತ್ತಿಯಲ್ಲಿ ಸುತ್ತಿಸುತ್ತಿ ಉಜ್ಜಿದಳು, ಮುಳ್ಳುಗಳು ಮಿಣಮಿಣ ಅಂದವು. ಕ್ಯಾಲೆಂಡರಿನ ಮೊಳೆ ಕಿತ್ತ ಜಾಗದಲ್ಲಿ ಗೋಡೆಗೆ ತೂತಾದರೆ ಅದಕ್ಕೂ ಹಲ್ಲಿನ ಬೆಣ್ಣೆ ತುಂಬಿ ಚಮಚದ ಬೆನ್ನಲ್ಲಿ ನೀವುತ್ತಿದ್ದಳು. ಸುಣ್ಣದ ಗೋಡೆಯಲ್ಲಿ ಎಲ್ಲಿ ತೂತಿತ್ತು ಅಂತ ಹುಡುಕಬೇಕಾದರೆ ಮೂಗಿಟ್ಟು ಮೂಸಬೇಕು! ಕಜ್ಜಾಯದ ಡಬ್ಬಕ್ಕೆ ಇರುವೆ ಹತ್ತಿದಾಗ ಡಬ್ಬದ ಸುತ್ತ ಒಂದು ಗೆರೆ ಎಳೆದಳು. ಇರುವೆಗಳು ಗೆರೆಯ ಆಚೆ ನಿಂತು ತಲೆಗೆ ತಲೆ ಕೊಟ್ಟು ಏನೋ ಸಮಾಲೋಚನೆ ಮಾಡಿ ವಾಪಸ್ಸು ಹೋದವು. ಸ್ಟೌ ಹಚ್ಚಿದ ಕೈಯ ಸೀಮೆಎಣ್ಣೆ ವಾಸನೆ ಹೋಗುವುದಕ್ಕೂ ಅದೇ, ಮರದ ಬೆಂಚಿಗೆ ಬಿದ್ದ ಇಂಕಿನ ಕಲೆಗೂ ಅದೇ.

ಇಷ್ಟೆಲ್ಲ ನೋಡಿ ನನಗೂ ಹುಮ್ಮಸ್ಸು ಬಂತು. ಶಾಲೆಯಲ್ಲಿ ಆಗಸ್ಟ್ ಹದಿನೈದರ ಕವಾಯತಿಗೆ ಬಿಳೀ ಕ್ಯಾನ್ವಾಸ್ ಶೂ ಹಾಕಿಕೊಂಡು ಬರಬೇಕಿತ್ತು. ನನ್ನವು ಮಣ್ಣಿನ ಬಣ್ಣಕ್ಕೆ ತಿರುಗಿ ಎಷ್ಟೋ ಕಾಲವಾಗಿತ್ತು. ಒಂದು ಟ್ಯೂಬು ಪೂರ್ತಿ ಹಿಂಡಿ ದೋಸೆಹಿಟ್ಟು ಬಳಿದ ಹಾಗೆ ಬಳಿದು ಬಿಸಿಲಿಗಿಟ್ಟೆ. ಅಂಥ ಬಿಳುಪು ನಮ್ಮ ಶಾಲೆ ಕಂಡಿರಲಿಲ್ಲ. ಮೇಷ್ಟರು ನೋಡಿ ನನ್ನನ್ನು ಮುಂದಿನ ಸಾಲಿಗೇ ಹಾಕಿಬಿಟ್ಟರು. ಬಾವುಟ ಏರಿತು, ಕವಾಯತು ಶುರುವಾಯಿತು, ಅದೇ ಹೊತ್ತಿಗೆ ತುಂತುರು ಮಳೆಯೂ ಶುರುವಾಯಿತು. ಒಂದೊಂದು ಹೆಜ್ಜೆಗೂ ನನ್ನ ಕಾಲಿಂದ ನೊರೆ ಏಳತೊಡಗಿತು. ಎಡಗಾಲು, ನೊರೆ. ಬಲಗಾಲು, ನೊರೆ. ಹಿಂದಿನ ಹುಡುಗಿಯರು ಜಾರಿದರು, ಸಾಲು ಸೊಟ್ಟಗಾಯಿತು. ನಾನು ಮಾತ್ರ ಎದೆ ಸೆಟೆಸಿಕೊಂಡು, ಹಾಲಿನ ಮೇಲೆ ನಡೆಯುವವಳ ಹಾಗೆ ನಡೆದು ಸಲ್ಯೂಟ್ ಹೊಡೆದೆ. ಇಡೀ ಮೈದಾನ ಪೆಪ್ಪರ್‌ಮಿಂಟು ಮಿಠಾಯಿಯ ವಾಸನೆ ಹೊಡೆಯುತ್ತಿತ್ತು.

ಆದರೆ ಅಮ್ಮನ ಈ ಉಜ್ಜಾಟದ ಹಿಂದೆ ಒಂದು ನೋವಿತ್ತು. ಅದು ನನಗೆ ಆಗ ಪೂರ್ತಿ ತಿಳಿಯುತ್ತಿರಲಿಲ್ಲ.

ನೇಕಾರರ ಮನೆಯಲ್ಲಿ ಗಂಡಸು ಮಗ್ಗದಲ್ಲಿ ಕೂತರೆ ಹೆಂಗಸು ರಾಟೆಯ ಮುಂದೆ ಕೂರಬೇಕು. ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಯ ಹೊಟ್ಟೆಯೊಳಗೆ ಕೂರುವ ಬೆರಳುದ್ದದ ಕಡ್ಡಿಗೆ ರೇಷ್ಮೆ ಎಳೆ ಸುತ್ತಬೇಕು. ಅದಕ್ಕೆ ಕಂಡಿಕೆ ಅನ್ನುತ್ತೇವೆ. ಕಂಡಿಕೆ ಇಲ್ಲದೆ ಲಾಳಿ ಓಡುವುದಿಲ್ಲ, ಲಾಳಿ ಓಡದೆ ಸೀರೆ ಬೆಳೆಯುವುದಿಲ್ಲ. ನಮ್ಮ ಅಮ್ಮನಿಗೆ ಈ ಒಂದು ಕೆಲಸ ಬರುತ್ತಿರಲಿಲ್ಲ. ಬರುವುದಿಲ್ಲ ಅಂದರೆ, ಅವಳು ಕೂತು ರಾಟೆ ತಿರುಗಿಸಿದರೆ ಸಾಕು, ಎಳೆ ಪಟ್ ಅಂತ ಕಡಿಯುತ್ತಿತ್ತು. ಗಂಟು ಹಾಕಿ ಮತ್ತೆ ತಿರುಗಿಸಿದರೆ ಮತ್ತೆ ಪಟ್. ಗಂಟು ಗಂಟಾದ ಕಂಡಿಕೆಯನ್ನು ಯಾವ ನೇಕಾರ ಲಾಳಿಗೆ ಹಾಕುತ್ತಾನೆ?

ಕಂಡಿಕೆ ಸುತ್ತುವುದರಲ್ಲಿ ಹೆಸರಾದವಳು ಕಮಲತ್ತೆ. ಅಪ್ಪನ ಅಕ್ಕ, ಅದೇ ಕೇರಿಯಲ್ಲಿ ಕೊಟ್ಟಿತ್ತು. ದಿನಕ್ಕೊಂದು ಸಲ ತವರಿಗೆ ಬಂದು ಅಜ್ಜಿಯ ಪಕ್ಕ ಕೂತು ಅಮ್ಮನನ್ನು ಒಂದಿಷ್ಟು ಆಡಿಕೊಂಡು ಹೋಗದಿದ್ದರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. "ಜಯಾ, ನಿನ್ನ ಕೈ ರಾಗಿ ಬೀಸಕ್ಕೆ ಸರಿ ಕಣೇ. ರೇಷ್ಮೆಗೆ ಜೀವ ಇರುತ್ತೆ, ನಿನ್ನ ಕೈ ನೋಡಿದ್ರೆ ಅದು ಹೆದರಿಕೊಳ್ಳುತ್ತೆ" ಅನ್ನುತ್ತಿದ್ದಳು. ಇದು ಕೇರಿಯಲ್ಲೆಲ್ಲ ಹರಡಿ, ನಲ್ಲಿಯ ಹತ್ತಿರ ಹೆಂಗಸರು "ಜಯಮ್ಮನ ಮನೇಲಿ ಕತ್ತರಿ ಇಟ್ಟಿಲ್ವಂತೆ, ಬೇಕಾಗೇ ಇಲ್ವಂತೆ" ಅಂತ ನಗುತ್ತಿದ್ದರು. ಅಮ್ಮ ತಲೆ ಬಗ್ಗಿಸಿಕೊಂಡು ಕೊಡ ತುಂಬಿಕೊಂಡು ಬಂದುಬಿಡುತ್ತಿದ್ದಳು. ಬಂದವಳು ಗೂಡಿನಿಂದ ಒಂದು ಟ್ಯೂಬು ತಗೊಂಡು ಕೂರುತ್ತಿದ್ದಳು. ಆವತ್ತು ಯಾವುದಾದರೂ ಚೊಂಬಿಗೆ ಹೊಸ ಜನ್ಮ ಬರುತ್ತಿತ್ತು.

ಹೀಗಿರುವಾಗ ದೇವನಹಳ್ಳಿಯಿಂದ ಗೌರಮ್ಮನವರು ಬಂದರು. ದೊಡ್ಡ ಮನೆತನದ ಹಿರಿ ಹೆಂಗಸು. ಮೊಮ್ಮಗಳ ಧಾರೆಗೆ ಸೀರೆ ಬೇಕು, ಪವರ್‌ಲೂಮಿನದಲ್ಲ, ನಮ್ಮಪ್ಪನ ಕೈಯದೇ ಬೇಕು, ಈರುಳ್ಳಿ ಸಿಪ್ಪೆಯ ಬಣ್ಣದ್ದು ಬೇಕು ಅಂತ ಹೇಳಿ ಹೋದರು. ತಿಳಿ ಬಣ್ಣ ನೇಕಾರನಿಗೆ ಪರೀಕ್ಷೆ. ಗಾಢ ಬಣ್ಣದಲ್ಲಾದರೆ ಒಂದು ಗಂಟು ಅಡಗಿಕೊಳ್ಳುತ್ತದೆ, ಇದರಲ್ಲಿ ಸಾಸಿವೆಯಷ್ಟು ಗಂಟೂ ಮುಖಕ್ಕೆ ಹೊಡೆಯುತ್ತದೆ. ಅಪ್ಪ ಒಪ್ಪಿಕೊಂಡ. ಮಾತು ಕೊಟ್ಟ ಮೇಲೆ ನಮ್ಮಪ್ಪ ತಪ್ಪಿದ್ದು ನಾನು ಕಂಡಿರಲಿಲ್ಲ.

ಸೀರೆ ಅರ್ಧ ಏರಿತ್ತು. ಆಗ ಅಜ್ಜಿಯ ಹೆಬ್ಬೆರಳಿಗೆ ಉಗುರುಸುತ್ತಾಯಿತು. ಬೆರಳು ಬದನೇಕಾಯಿಯ ಹಾಗೆ ಊದಿಕೊಂಡಿತು. ನಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ಟೋಪಿಯ ಹಾಗೆ ಹಾಕಿಕೊಂಡು, "ಅಮ್ಮಮ್ಮಾ" ಅಂತ ನರಳುತ್ತ ಮಂಚ ಹಿಡಿದಳು. ಕಮಲತ್ತೆಯನ್ನು ಕರೆಯೋಣವೆಂದರೆ ಅವಳು ಮಗಳ ಬಾಣಂತನಕ್ಕೆ ಹೊಸಕೋಟೆಗೆ ಹೋಗಿದ್ದಳು. ಸುತ್ತಿಟ್ಟಿದ್ದ ಕಂಡಿಕೆಗಳು ಒಂದೊಂದಾಗಿ ಖಾಲಿಯಾದವು. ಒಂದು ಬೆಳಿಗ್ಗೆ ಮಗ್ಗ ನಿಂತುಹೋಯಿತು.

ನಮ್ಮ ಮನೆಯಲ್ಲಿ ಮಗ್ಗ ನಿಲ್ಲುವುದು ಅಂದರೆ ಏನಂತ ನಿಮಗೆ ಹೇಗೆ ತಿಳಿಸಲಿ! ಆ ಲಟಪಟ ಸದ್ದಿನಲ್ಲೇ ನಾವು ಹುಟ್ಟಿದ್ದು, ನಿದ್ದೆ ಮಾಡಿದ್ದು, ಮಗ್ಗಿ ಬಾಯಿಪಾಠ ಮಾಡಿದ್ದು. ಅದು ನಿಂತ ಕೂಡಲೇ ಮನೆಯೊಳಗೆ ಯಾರೋ ಉಸಿರು ಹಿಡಿದ ಹಾಗಾಯಿತು. ಅಪ್ಪ ಕೇರಿಯ ಮನೆಮನೆಗೂ ಹೋಗಿ ಕೇಳಿ ಬಂದ. ಮದುವೆಯ ಕಾಲ, ಯಾರ ರಾಟೆಗೂ ಬಿಡುವಿರಲಿಲ್ಲ. ಗುಂಡಿಯಲ್ಲಿ ಕಾಲಿಟ್ಟು ಸುಮ್ಮನೆ ಕೂತ.

ಅಮ್ಮ ಸೆರಗು ಸಿಕ್ಕಿಸಿಕೊಂಡು ರಾಟೆಯ ಮುಂದೆ ಕೂತಳು. ಯಾರೂ ಹೇಳಲಿಲ್ಲ, ಅವಳೇ ಕೂತಳು. ನಾನು ಪಕ್ಕದಲ್ಲಿ ರೇಷ್ಮೆ ಎಳೆಯ ಲಡಿ ಹಿಡಿದು ಕೂತೆ.

ರಾಟೆ ತಿರುಗಿತು. ಪಟ್.

ಗಂಟು ಹಾಕಿದಳು. ತಿರುಗಿತು. ಪಟ್.

ಮಂಚದ ಮೇಲಿಂದ ಅಜ್ಜಿ ಕೂಗಿದಳು. "ಮೆಲ್ಲಗೇ! ಎಳೆ ಕೊಕ್ಕೆಗೆ ಹಾಕು ಮೊದ್ಲು. ಕೊಕ್ಕೆ ಬಿಟ್ರೆ ನಿನ್ನ ಕೈಲಿ ನೆಟ್ಟಗೆ ಬರಲ್ಲ."

ಕೊಕ್ಕೆ ಅಂದರೆ ರಾಟೆಯ ಮುಂದಿನ ಗೂಟಕ್ಕೆ ಬಡಿದಿದ್ದ ಒಂದು ತಂತಿಯ ಬಳೆ. ಹೊಸದಾಗಿ ಕಲಿಯುವವರು ಎಳೆಯನ್ನು ಅದರೊಳಗಿಂದ ತೂರಿಸಿದರೆ ಎಳೆ ಅತ್ತಿತ್ತ ಹೋಗದೆ ನೇರವಾಗಿ ಕಡ್ಡಿಗೆ ಬರುತ್ತದೆ. ಮದುವೆಯಾಗಿ ಬಂದ ದಿನದಿಂದ ಅಮ್ಮನಿಗೆ ಅಜ್ಜಿ ಕಲಿಸಿದ್ದು ಹಾಗೆಯೇ.

"ಹಾಕಿದೀನಿ ಅತ್ತೆ" ಅಂದಳು ಅಮ್ಮ. ಪಟ್.

ಅಪ್ಪ ಎದ್ದು ಬಂದು ನಿಂತ. "ಸಾಕು ಬಿಡು ಜಯ. ಆಗಲ್ಲ ಅಂತ ಗೌರಮ್ಮನೋರಿಗೆ ಹೇಳಿ ಕಳಿಸ್ತೀನಿ" ಅಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಷ್ಟು ಮೆತ್ತಗೆ ಹೇಳಿ ಜಗುಲಿಗೆ ಹೋಗಿ ಕೂತ.

ಅಮ್ಮ ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಕಡಿದ ಎಳೆಯ ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬಹಳ ಹೊತ್ತು ನೋಡಿದಳು. ನನ್ನನ್ನು ಕರೆದು, "ನೋಡೇ, ಎಳೆದು ಕಿತ್ತಿದ್ರೆ ತುದಿ ಹಿಂಗಿರುತ್ತಾ?" ಅಂದಳು. ತುದಿ ದೀಪದ ಬತ್ತಿಯ ಹಾಗೆ ಬಿಡಿಬಿಡಿಯಾಗಿ ಹಿಂಜಿಕೊಂಡಿತ್ತು, ಏನೋ ಅದನ್ನು ತುರಿದ ಹಾಗೆ. ಅವಳ ಕಣ್ಣು ಎಳೆ ಬಂದ ದಾರಿಯನ್ನೇ ಹಿಡಿದು ಹಿಂದಕ್ಕೆ ಹೋಯಿತು. ಕೊಕ್ಕೆಯ ಹತ್ತಿರ ನಿಂತಿತು. ಕಿರುಬೆರಳನ್ನು ಅದರೊಳಗೆ ತೂರಿಸಿ ಒಂದು ಸುತ್ತು ತಿರುಗಿಸಿದಳು.

"ಮುಟ್ಟಿ ನೋಡು."

ನಾನೂ ಬೆರಳು ಹಾಕಿದೆ. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಬೆರಳಿಗೆ ಮಾತ್ರ ಬೆಕ್ಕಿನ ನಾಲಗೆಯ ಹಾಗೆ ತರಿತರಿ.

ಅಮ್ಮನ ಮುಖ ಬದಲಾದದ್ದು ನನಗೆ ಇವತ್ತಿಗೂ ನೆನಪಿದೆ. ಮೊದಲು ಒಂದು ಬಗೆಯ ಸಿಟ್ಟು, ಆಮೇಲೆ ಅದರ ಮೇಲೆ ನಗು. "ಹೋಗು, ಗೂಡಲ್ಲಿರೋ ಹಲ್ಲಿನ ಬೆಣ್ಣೆ ತಗೊಂಬಾ" ಅಂದಳು.

ಹಳೇ ವಾಯಿಲ್ ಸೀರೆಯ ಅಂಚನ್ನು ದಾರದ ಹಾಗೆ ಸಪೂರಕ್ಕೆ ಹರಿದಳು. ಅದಕ್ಕೆ ಹಲ್ಲಿನ ಬೆಣ್ಣೆ ಸವರಿ ಕೊಕ್ಕೆಯೊಳಗೆ ತೂರಿಸಿದಳು. ಒಂದು ತುದಿ ಎಡಗೈಯಲ್ಲಿ, ಒಂದು ಬಲಗೈಯಲ್ಲಿ, ಮೊಸರು ಕಡೆಯುವ ಹಾಗೆ ಹಿಂದಕ್ಕೂ ಮುಂದಕ್ಕೂ ಎಳೆದಳು. ಬಿಳಿ ಹೋಗಿ ಕಂದಾಯಿತು, ಕಂದು ಹೋಗಿ ಕಪ್ಪಾಯಿತು. ಆ ಬಟ್ಟೆ ಎಸೆದು ಇನ್ನೊಂದು ಹರಿದಳು. ಆಗಾಗ ಬೆರಳು ಹಾಕಿ ನೋಡುವಳು, ತಲೆ ಅಲ್ಲಾಡಿಸುವಳು, ಮತ್ತೆ ಎಳೆಯುವಳು. ಇಷ್ಟು ವರ್ಷ ಭರಣಿ, ದೀಪ, ಚೊಂಬು ಅಂತ ಉಜ್ಜಿದ ಬೆರಳುಗಳಲ್ಲವೇ, ಯಾವುದು ನಯ, ಯಾವುದು ಇನ್ನೂ ಒರಟು ಅಂತ ಅವಕ್ಕೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ವಾಸನೆ ಮಂಚದ ತನಕ ಹೋಯಿತು. "ಏನೇ ಅದು, ರಾಟೆಗೆ ಹಲ್ಲುಜ್ಜಿಸ್ತಾ ಇದೀಯಾ?" ಅಂತ ಅಜ್ಜಿ ಗೊಣಗಿದಳು. ನೋವಿನ ಸುಸ್ತಿಗೆ ಹಾಗೆಯೇ ಕಣ್ಣು ಮುಚ್ಚಿದಳು.

ಅಮ್ಮ ಕೊಕ್ಕೆಯನ್ನು ಒದ್ದೆಬಟ್ಟೆಯಲ್ಲಿ ಒರೆಸಿ, ಒಣಬಟ್ಟೆಯಲ್ಲಿ ಒರೆಸಿ, ಕೊನೆಗೆ ಬಗ್ಗಿ ಅದಕ್ಕೆ ಕೆನ್ನೆ ಒತ್ತಿ ನೋಡಿದಳು. ಎಳೆ ತೂರಿಸಿದಳು. ರಾಟೆಯ ಹಿಡಿಗೆ ಕೈ ಹಾಕಿದಳು.

ರಾಟೆ ತಿರುಗಿತು. ನಾನು ಪಟ್ ಅನ್ನುವುದಕ್ಕೆ ಕಾದೆ. ಬರಲಿಲ್ಲ. ಇನ್ನೂ ಸ್ವಲ್ಪ ತಿರುಗಿತು. ಬರಲಿಲ್ಲ. ಅಮ್ಮ ಉಸಿರು ಬಿಟ್ಟು ವೇಗ ಹೆಚ್ಚಿಸಿದಳು. ರೇಷ್ಮೆ ಕೊಕ್ಕೆಯೊಳಗಿಂದ ಎಣ್ಣೆ ಇಳಿದ ಹಾಗೆ ಇಳಿದು ಕಡ್ಡಿಯ ಮೇಲೆ ಸುರುಳಿಯಾಗಿ ಕೂತಿತು. ಕಡ್ಡಿ ತುಂಬಿತು. ತೆಗೆದು ಬುಟ್ಟಿಗೆ ಹಾಕಿ ಇನ್ನೊಂದು ಸಿಕ್ಕಿಸಿದಳು. ಗುಂಯ್ ಅಂತ ಒಂದೇ ಸಮ ಸದ್ದು. ಜಗುಲಿಯಿಂದ ಅಪ್ಪ ಎದ್ದು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತ. ಬುಟ್ಟಿಯಿಂದ ಒಂದು ಕಂಡಿಕೆ ಎತ್ತಿಕೊಂಡು ಲಾಳಿಗೆ ಹಾಕಿದ. ಗುಂಡಿಗಿಳಿದ. ಲಟಪಟ, ಲಟಪಟ. ಮನೆ ಉಸಿರಾಡಿತು.

ಆ ಸದ್ದಿಗೆ ಅಜ್ಜಿಗೆ ಎಚ್ಚರವಾಯಿತು. ಕಣ್ಣು ಮುಚ್ಚಿಕೊಂಡೇ ಕಿವಿಗೊಟ್ಟಳು. "ಯಾರದು ರಾಟೇಲಿ? ಕಮಲಾ ಬಂದ್ಳಾ?"

"ನಾನು ಅತ್ತೆ" ಅಂದಳು ಅಮ್ಮ. ಕೈ ನಿಲ್ಲಿಸಲಿಲ್ಲ.

ಅಜ್ಜಿ ನಿಂಬೆಹಣ್ಣಿನ ಬೆರಳನ್ನು ಮೇಲೆತ್ತಿಕೊಂಡು ಎದ್ದು ಬಂದಳು. ಬುಟ್ಟಿ ನೋಡಿದಳು. ಸರಿಯಿದ್ದ ಕೈಯಲ್ಲಿ ಒಂದು ಕಂಡಿಕೆ ತೆಗೆದು ತಿರುಗಿಸಿ ತಿರುಗಿಸಿ ಗಂಟು ಹುಡುಕಿದಳು. ಸಿಗಲಿಲ್ಲ.

"ಏನು ಮಾಡಿದೆ?"

"ಕೈಯಲ್ಲ ಅತ್ತೆ, ಕೊಕ್ಕೆ. ತುಕ್ಕು ಹಿಡಿದು ಒಳಗೆಲ್ಲ ತರಿ ಎದ್ದಿತ್ತು. ಎಳೇನ ಅದೇ ಕೊಯ್ತಾ ಇತ್ತು."

"ಅದು ಹೆಂಗೆ? ಇದೇ ರಾಟೇಲಿ ನಾನು ಸುತ್ತಲ್ವಾ, ಕಮಲ ಸುತ್ತಲ್ವಾ? ನಮಗೆ ಯಾವತ್ತೂ..." ಅಂತ ಶುರು ಮಾಡಿದ ಅಜ್ಜಿ ಅಲ್ಲಿಗೇ ನಿಂತಳು. ಅವಳ ಎಡಗೈ ತಾನಾಗಿ ಮೇಲೆದ್ದು, ಇಲ್ಲದ ಎಳೆಯೊಂದನ್ನು ಎರಡು ಬೆರಳ ಸಂದಿಯಲ್ಲಿ ಹಿಡಿದು ಬಿಡುವ ಹಾಗೆ ಆಡಿತು. ಪಳಗಿದವರು ಎಳೆಯನ್ನು ಬೆರಳಲ್ಲೇ ನಡೆಸುತ್ತಾರೆ, ಕೊಕ್ಕೆಯ ಕಡೆ ತಿರುಗಿಯೂ ನೋಡುವುದಿಲ್ಲ. ಅಜ್ಜಿ ಅಷ್ಟು ಕಾಲದಿಂದ ನೋಡಿರಲಿಲ್ಲ. ಕಮಲತ್ತೆ ಮುಟ್ಟೇ ಇರಲಿಲ್ಲ. ಆ ಮನೆಯಲ್ಲಿ ಕೊಕ್ಕೆಗೆ ಎಳೆ ಹಾಕುತ್ತಿದ್ದವಳು, ಹಾಕು ಅಂತ ಹೇಳಿಸಿಕೊಂಡವಳು, ಅಮ್ಮ ಒಬ್ಬಳೇ.

ಅಜ್ಜಿಗೆ ಇದು ಅರ್ಥವಾದದ್ದು ನನಗೂ ಕಂಡಿತು. ತಪ್ಪಾಯಿತು ಅಂತ ಹೇಳುವ ಜಾತಿಯವಳಲ್ಲ ಅವಳು. ನೇರ ಅಡುಗೆಮನೆಗೆ ಹೋದಳು. ಪಾತ್ರೆ ಬಿದ್ದ ಸದ್ದು, ಬೆರಳು ತಾಕಿತೆಂದು ನರಳಿದ ಸದ್ದು, ಸೌದೆ ಊದಿದ ಸದ್ದು. ಆಮೇಲೆ ಒಂದು ಲೋಟ ಕಾಫಿ ಹಿಡಿದು ಬಂದು ರಾಟೆಯ ಪಕ್ಕ ಇಟ್ಟಳು. "ಕುಡಿದು ಸುತ್ತು. ಆರಿಹೋಗುತ್ತೆ" ಅಂದಳು. ಅತ್ತೆ ಮಾಡಿದ ಕಾಫಿಯನ್ನು ಅಮ್ಮ ಕುಡಿದದ್ದು ಅದೇ ಮೊದಲು. ಸಕ್ಕರೆ ಜಾಸ್ತಿಯಾಗಿತ್ತಂತೆ. ಅಮ್ಮ ಅದನ್ನು ನೆನೆಸಿಕೊಂಡಾಗಲೆಲ್ಲ ತುಟಿ ಸವರಿಕೊಳ್ಳುತ್ತಿದ್ದಳು.

ಸೀರೆ ಹೇಳಿದ ಹೊತ್ತಿಗೆ ಮುಗಿಯಿತು. ಗೌರಮ್ಮನವರು ಮಗ ಸೊಸೆಯರ ಜೊತೆ ಬಂದು ಚಾಪೆಯ ಮೇಲೆ ಕೂತರು. ಅಪ್ಪ ಸೀರೆ ಬಿಡಿಸಿದ. ಈರುಳ್ಳಿ ಸಿಪ್ಪೆಯ ಬಣ್ಣ ಬಾಗಿಲ ಬೆಳಕಿಗೆ ಹೊಳೆದು ನಡುಮನೆಯೆಲ್ಲ ಸಂಜೆಯಾದ ಹಾಗಾಯಿತು. ಗೌರಮ್ಮನವರು ಬಲು ಸೂಕ್ಷ್ಮದವರು. ಸೀರೆಯ ಉದ್ದಕ್ಕೂ ಅಂಗೈ ಆಡಿಸುತ್ತ ಹೋದರು. ಅಷ್ಟರಲ್ಲಿ ಹೊಸಕೋಟೆಯಿಂದ ಆವತ್ತೇ ವಾಪಸ್ಸಾಗಿದ್ದ ಕಮಲತ್ತೆಯೂ ಬಂದು ಬಾಗಿಲಲ್ಲಿ ನಿಂತಳು. ಅಮ್ಮ ಅಡುಗೆಮನೆಯ ಬಾಗಿಲ ಹಿಂದೆ, ಅವಳ ಹಿಂದೆ ನಾನು.

ಅಂಗೈ ಸೆರಗಿನ ಕೊನೆ ಮುಟ್ಟಿತು. "ಕೈಗೊಂದು ಗಂಟು ತಗಲಲಿಲ್ಲವಲ್ಲಪ್ಪಾ!" ಅಂದರು ಗೌರಮ್ಮ. ಬಾಗಿಲ ಕಡೆ ತಿರುಗಿ, "ಕಂಡಿಕೆ ನಿಂದೇ ಏನಮ್ಮ ಕಮಲಾ?" ಅಂತ ಕೇಳಿದರು.

ಕಮಲತ್ತೆ ಬಾಯಿ ತೆರೆಯುವ ಮೊದಲೇ ಅಜ್ಜಿ ಹೇಳಿದಳು. "ಅವಳದಲ್ಲ. ನನ್ನ ಸೊಸೇದು. ಬೂದಿಗೆರೆ ಜಯಮ್ಮಂದು. ಲೇ ಜಯಾ, ಅಲ್ಲೇನು ಮಾಡ್ತಿದೀಯಾ? ಬಾ ಇಲ್ಲಿ, ಮುಂದಕ್ಕೆ ಬಾ."

ಅಮ್ಮ ಮುಂದಕ್ಕೆ ಬಂದಳು. ಗೌರಮ್ಮನವರು ಅವಳ ಎರಡು ಕೈಯನ್ನೂ ಹಿಡಿದು ಅಂಗೈ ಮೇಲೆ ಮಾಡಿ ನೋಡಿದರು. "ಈ ಕೈ ಸುತ್ತಿದ್ದನ್ನ ಉಟ್ಟುಕೊಂಡು ನಮ್ಮ ಹುಡುಗಿ ಹಸೆಗೆ ಕೂರ್ತಾಳೆ ಕಣಮ್ಮ" ಅಂದರು. ಅಮ್ಮ ತಲೆ ಬಗ್ಗಿಸಲಿಲ್ಲ. ನೆಟ್ಟಗೆ ನಿಂತು ನಕ್ಕಳು. ಅವಳು ಅಷ್ಟು ಎತ್ತರ ಅಂತ ನನಗೆ ಗೊತ್ತೇ ಇರಲಿಲ್ಲ.

ಆ ವಾರ ನಮ್ಮ ಮನೆಗೆ ಹೆಂಗಸರು ಬಂದರು. ಯಾರ ಮನೆಯಲ್ಲಿ ಹೊಸ ಸೊಸೆ ಇದ್ದಳೋ, ಯಾರ ಮಗಳು ಕಲಿಯುತ್ತಿದ್ದಳೋ, ಅವರೆಲ್ಲ ತಮ್ಮ ರಾಟೆಯ ಕೊಕ್ಕೆ ಕಿತ್ತು ಸೆರಗಿನಲ್ಲಿ ಮುಚ್ಚಿಕೊಂಡು ತಂದರು. ಕಮಲತ್ತೆಯೂ ತಂದಳು, ಹೊಸಕೋಟೆಯ ಮಗಳ ಮನೆಯದು. ಅಮ್ಮ ಅವಳನ್ನು ಕೂರಿಸಿ, ಎಲೆ ಅಡಿಕೆ ಕೊಟ್ಟು, ಎಲ್ಲರದಕ್ಕಿಂತ ಚೆನ್ನಾಗಿ ಉಜ್ಜಿ ಕೊಟ್ಟಳು. ಚಿಕ್ಕಪ್ಪ ಶನಿವಾರ ಬಂದವನು ಖಾಲಿ ಗೂಡು ನೋಡಿ ದಂಗಾಗಿ, "ಕೊನೆಗೂ ಎಲ್ಲಾರೂ ಹಲ್ಲುಜ್ಜಕ್ಕೆ ಶುರು ಮಾಡಿದ್ರಾ?" ಅಂತ ಕೇಳಿದ. ಅಪ್ಪ ಮಗ್ಗದಲ್ಲಿ ಕೂತೇ ಗಹಗಹಿಸಿ ನಕ್ಕ. ಅವನು ಹಾಗೆ ನಕ್ಕದ್ದು ಅಪರೂಪ.

ಗೌರಮ್ಮನವರ ಸೀರೆಗೆಂದು ಸುತ್ತಿದ್ದರಲ್ಲಿ ಒಂದು ಕಂಡಿಕೆ ಉಳಿದಿತ್ತು. ಹಬ್ಬಕ್ಕೆ ಅಮ್ಮ ನನ್ನನ್ನು ಕರೆದುಕೊಂಡು ತವರಿಗೆ ಹೊರಟಾಗ ಅಜ್ಜಿ ಅದನ್ನು ತಂದು ಅವಳ ಕ್ಯಾನ್ವಾಸ್ ಚೀಲದೊಳಗೆ ಹಾಕಿದಳು. ಆ ಮನೆಯಿಂದ ಒಂದೆಳೆ ರೇಷ್ಮೆಯೂ ಆಚೆ ಹೋಗಗೊಡದವಳು! "ನಿಮ್ಮಪ್ಪನಿಗೆ ತೋರ್ಸು" ಅಂದಳು, ಅಷ್ಟೇ.

ಬೂದಿಗೆರೆಯ ತಾತ ಆಗ ಹೊಲದಿಂದ ಬಂದು ಜಗುಲಿಯ ಮೇಲೆ ಕೂತಿದ್ದ. ಅಮ್ಮ ಕಂಡಿಕೆ ತೆಗೆದು ಅವನ ಕೈಗಿಟ್ಟಳು.

"ಇದೇನವ್ವಾ?"

"ನಾನು ಸುತ್ತಿದ್ದು."

ತಾತ ಅದನ್ನು ಬಿಸಿಲಿಗೆ ಹಿಡಿದು ನೋಡಿದ. ಮಣ್ಣು ಹತ್ತಿದ್ದ ಕೈಯನ್ನು ಪಂಚೆಗೆ ಒರೆಸಿಕೊಂಡು ಮತ್ತೆ ನೋಡಿದ. ಆಮೇಲೆ ರುಮಾಲಿನ ಮಡಿಕೆಯಲ್ಲಿ, ಎಲ್ಲರಿಗೂ ಕಾಣುವ ಹಾಗೆ ಹಣೆಯ ಮೇಲೇ ಅದನ್ನು ಸಿಕ್ಕಿಸಿಕೊಂಡ. "ಬಂದೆ ಇರು" ಅಂತ ಎದ್ದವನು, ಯಾವ ಕೆಲಸವೂ ಇಲ್ಲದೆ, ಊರಿನ ಎಲ್ಲ ಬೀದಿಗಳಲ್ಲೂ ಒಂದು ಸುತ್ತು ಹಾಕಿಕೊಂಡು ಬಂದ.